ಬಿಚ್ಚಿ ಕಟ್ಟಿದ ಟ್ರೇಗಳು

ಅಕ್ಕ ಕುರ್ಚಿಯಲ್ಲಿ ಕೂರಲಿಲ್ಲ. ನಾನು ಅದನ್ನು ಎರಡು ಸಲ ಮುಂದಕ್ಕೆ ಎಳೆದುಕೊಟ್ಟೆ. ಎರಡು ಸಲವೂ ಅವರು ಅದರ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು.

"ಬೈಯೋದಿದ್ರೆ ನಿಂತೇ ಕೇಳ್ತೀನಿ. ಬೇಗ ಮುಗಿಯುತ್ತೆ."

"ಬೈಯೋದಲ್ಲ ಅಕ್ಕ. ಸುಮ್ನೆ ಮಾತಾಡೋದು."

"ಬಾಗಿಲು ಹಾಕ್ಕೊಂಡು ಮಾತಾಡೋದನ್ನ ನಮ್ಮ ಕಾಲದಲ್ಲಿ ಬೈಯೋದು ಅಂತಾನೇ ಅಂತಿದ್ರು."

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ವಿಭಾಗ. ಆಪರೇಷನ್ ಮುಗಿದ ಮೇಲೆ ಮಹಡಿಯಿಂದ ಇಳಿದು ಬರುವ ಕತ್ತರಿ, ಚಿಮಟ, ಕ್ಲ್ಯಾಂಪುಗಳನ್ನು ತೊಳೆದು, ಪಟ್ಟಿ ನೋಡಿ ಎಣಿಸಿ, ಟ್ರೇಯಲ್ಲಿ ಜೋಡಿಸಿ, ಎರಡು ಪದರ ಹಸಿರು ಬಟ್ಟೆ ಸುತ್ತಿ, ಟೇಪು ಹಚ್ಚಿ, ಹಬೆಯ ಯಂತ್ರದೊಳಕ್ಕೆ ತಳ್ಳುವುದು ನಮ್ಮ ಕೆಲಸ. ಟ್ರೇ ಕಟ್ಟಿದವರು ಟೇಪಿನ ಮೇಲೆ ತಮ್ಮ ನಂಬರು ಬರೆಯಬೇಕು. ಅಕ್ಕನ ನಂಬರು ಏಳು. ಇಪ್ಪತ್ತೊಂದು ವರ್ಷದಿಂದ ಅವರು ಆ ಎಣಿಕೆಯ ಮೇಜಿನ ಮುಂದೆ ನಿಂತಿದ್ದಾರೆ. ನನಗೆ ಟ್ರೇ ಕಟ್ಟುವುದನ್ನು ಕೈಹಿಡಿದು ಕಲಿಸಿದವರೂ ಅವರೇ. ಸಂಜೆ ಕಾಲೇಜಿನ ಸರ್ಟಿಫಿಕೇಟು ನನ್ನ ಹತ್ತಿರ ಇತ್ತು, ಅವರ ಹತ್ತಿರ ಇರಲಿಲ್ಲ. ಅದೊಂದೇ ಕಾರಣಕ್ಕೆ ಐದು ತಿಂಗಳ ಹಿಂದೆ ನಾನು ಅವರ ಮೇಲಿನವಳಾದೆ. ಅಂದಿನಿಂದ ನಾನು 'ಮೇಡಮ್ಮನೋರು'. ಅವರ ಬಾಯಲ್ಲಿ ಅದು ಗೌರವವಲ್ಲ, ಚಪ್ಪಲಿಯೊಳಗಿನ ಕಲ್ಲು.

ಸೋಮವಾರ ಮೇಟ್ರನ್ ನನ್ನನ್ನು ಕರೆಸಿದ್ದರು. ಹಿಂದಿನ ವಾರ ಹದಿನಾಲ್ಕನೆಯ ಟ್ರೇಯಲ್ಲಿ ಒಂದು ಕ್ಲ್ಯಾಂಪು ಕಡಿಮೆ ಇತ್ತು. ರಕ್ತನಾಳ ಹಿಡಿಯಬೇಕಾದ ಹೊತ್ತಿನಲ್ಲಿ ಡಾಕ್ಟರು ಕೈಚಾಚಿಕೊಂಡು ನಾಲ್ಕು ನಿಮಿಷ ಕಾಯಬೇಕಾಯಿತಂತೆ. ರೋಗಿ ಉಳಿದ. ದೂರಿನ ಕಾಗದ ಮಾತ್ರ ಕೆಳಗಿಳಿದು ಬಂತು. ಅದರ ಮೂಲೆಯಲ್ಲಿ ಆ ಟ್ರೇಯ ಟೇಪನ್ನೇ ಕಿತ್ತು ಅಂಟಿಸಿದ್ದರು. ಮೇಲೆ ಏಳು ಎಂಬ ಅಂಕಿ.

"ಈ ಹೊಸ ಫಾರಂ ತಗೊಳ್ಳಿ," ಎಂದರು ಮೇಟ್ರನ್. ಅದರ ಮೇಲ್ಭಾಗದಲ್ಲಿ ಮೆಚ್ಚುಗೆ, ಸಲಹೆ, ಭರವಸೆ ಎಂದು ಮೂರು ಚೌಕಗಳಿದ್ದವು. "ಮೊದಲು ಒಂದು ಒಳ್ಳೆ ಮಾತು, ಮಧ್ಯೆ ತಪ್ಪು, ಕೊನೆಗೆ ಮತ್ತೊಂದು ಒಳ್ಳೆ ಮಾತು. ನೋವಾಗ್ದಂಗೆ ಹೇಳಿ ಸಹಿ ಹಾಕಿಸ್ಕೊಂಡು ಬನ್ನಿ. ಶುಕ್ರವಾರದಿಂದ ಅವರು ಲಾಂಡ್ರಿಗೆ."

"ಸಲಹೆ ಕೊಟ್ಟ ಮೇಲೆ ತಿದ್ದಿಕೊಳ್ಳೋಕೆ ಸ್ವಲ್ಪ ಸಮಯ..."

"ಸಲಹೆ ಕೊಟ್ಟಿದೀವಿ ಅನ್ನೋದಕ್ಕೆ ಕಾಗದ ಬೇಕು. ಅಷ್ಟೆ."

ಲಾಂಡ್ರಿಯಲ್ಲಿ ಎಣಿಸುವುದೇನೂ ಇಲ್ಲ. ಒದ್ದೆ ಹಾಸಿಗೆ ಬಟ್ಟೆಗಳನ್ನು ಯಂತ್ರದಿಂದ ಎಳೆದು ಹೊರುವ ಕೆಲಸ. ಐವತ್ತಾರರ ಸೊಂಟ ಅಲ್ಲಿ ಒಂದು ತಿಂಗಳು ತಡೆದೀತೇನೋ. ಇದು ಮೇಟ್ರನ್‌ಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅಂದು ಸಂಜೆ ಮನೆಯಲ್ಲಿ ನನ್ನ ಗಂಡನ ಮೇಲೆ ಅಭ್ಯಾಸ ಮಾಡಿದೆ. ಅವರು ಪಾತ್ರೆ ತೊಳೆಯುತ್ತಿದ್ದರು.

"ನೀವು ಪಾತ್ರೆ ತುಂಬಾ ಚೊಕ್ಕವಾಗಿ ತೊಳೀತೀರಿ."

"ಏನಾಯ್ತು? ಯಾವುದು ಒಡೀತು?"

"ಆದರೆ ಲೋಟದ ತಳದಲ್ಲಿ ಸೋಪು ಉಳಿಯುತ್ತೆ. ಆದರೂ ನೀವು ಮನೆಗೆಲಸಕ್ಕೆ ಕೈಜೋಡಿಸೋದು ನನಗೆ ದೊಡ್ಡ ಬಲ."

ಅವರು ಲೋಟವನ್ನು ನನ್ನ ಮುಂದೆ ಕುಕ್ಕಿದರು. "ಸೋಪಿದೆ ಅಂತ ಹೇಳೋಕೆ ಇಷ್ಟು ಬೆಣ್ಣೆ ಯಾಕೆ? ಹೇಗಿದ್ರೂ ನಾನು ತೊಳೆದಿದ್ದನ್ನ ನಾನು ಆ ಕಡೆ ಹೋದ ತಕ್ಷಣ ನೀನು ಇನ್ನೊಂದು ಸಲ ತೊಳೀತೀಯ. ಕಾಣಲ್ಲ ಅಂದ್ಕೊಂಡಿದೀಯಾ?"

ಅವರು ಟಿವಿ ಮುಂದೆ ಕೂತ ಮೇಲೆ ಆ ಲೋಟವನ್ನು ಮತ್ತೆ ತೊಳೆದಿಟ್ಟೆ.

ಈಗ, ಬುಧವಾರ ಮಧ್ಯಾಹ್ನ, ಅಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ನಾನು ಫಾರಂ ನೋಡಿಕೊಂಡು ಶುರುಮಾಡಿದೆ.

"ಅಕ್ಕ, ನಿಮ್ಮ ಅನುಭವ ಈ ವಿಭಾಗಕ್ಕೆ ದೊಡ್ಡ ಆಸ್ತಿ."

"ಆಸ್ತೀನಾ? ಮಾರ್ತಿದೀರಾ ಹಾಗಾದ್ರೆ."

"ಎಣಿಕೇಲಿ ಇನ್ನೂ ಸ್ವಲ್ಪ ಗಮನ ಕೊಟ್ರೆ..."

"ಯಾವ ಎಣಿಕೆ?"

"ಹದಿನಾಲ್ಕನೇ ಟ್ರೇದು."

"ಆ ದೂರಿನ ಕಾಗದ ಕೊಡಿ ಇಲ್ಲಿ."

ಕೊಡಬಾರದೆಂದು ನಿಯಮವೇನೂ ಇರಲಿಲ್ಲ. ಇದ್ದರೆ ಚೆನ್ನಾಗಿತ್ತು ಅನಿಸಿತು. ಅಕ್ಕ ಟೇಪನ್ನು ಬೆಳಕಿಗೆ ಹಿಡಿದು ನೋಡಿದರು. ಜೇಬಿನಿಂದ ಪೆನ್ನು ತೆಗೆದು ನನ್ನ ಮೇಜಿನ ಮೇಲಿದ್ದ ಚೀಟಿಯಲ್ಲಿ ಒಂದು ಏಳು ಬರೆದರು. ನಡುವೆ ಅಡ್ಡಗೆರೆ ಎಳೆದರು.

"ಇಪ್ಪತ್ತೊಂದು ವರ್ಷದಿಂದ ನನ್ನ ಏಳಿಗೆ ಅಡ್ಡಗೆರೆ ಇದೆ. ಒಂದರ ಜೊತೆ ಕಲಸಿಹೋಗ್ಬಾರ್ದು ಅಂತ. ಈ ಟೇಪಿನ ಮೇಲೆ ಗೆರೆ ಎಲ್ಲಿದೆ, ಮೇಡಮ್ಮನೋರೇ?"

ಟೇಪಿನ ಮೇಲಿನ ಏಳು ಬೋಳಾಗಿತ್ತು. ಸಂಜೆ ಕಾಲೇಜಿನ ನೋಟ್‌ಪುಸ್ತಕದಲ್ಲಿ ನಾನು ಬರೆಯುತ್ತಿದ್ದ ಹಾಗೆಯೇ.

ಐದು ತಿಂಗಳಿಂದ ನಾನು ಮಾಡುತ್ತಿದ್ದದ್ದು ಇಷ್ಟು. ಊಟದ ಹೊತ್ತಿನಲ್ಲಿ ಎಲ್ಲರೂ ಮೇಲೆ ಹೋದಾಗ, ಯಂತ್ರಕ್ಕೆ ಹೋಗಲು ಸಾಲಾಗಿ ಕಾಯುತ್ತಿದ್ದ ಟ್ರೇಗಳಲ್ಲಿ ಕೆಲವನ್ನು ಬಿಚ್ಚಿ ಇನ್ನೊಮ್ಮೆ ಎಣಿಸುತ್ತಿದ್ದೆ. ಮತ್ತೆ ಬಟ್ಟೆ ಸುತ್ತಿ, ಹೊಸ ಟೇಪು ಹಚ್ಚಿ, ಕಟ್ಟಿದವರ ನಂಬರನ್ನು ನಾನೇ ಬರೆಯುತ್ತಿದ್ದೆ. ಹೆಸರು ನನ್ನದು, ಜವಾಬ್ದಾರಿ ನನ್ನದು, ನೋಡದಿದ್ದರೆ ಊಟ ಗಂಟಲಿನಿಂದ ಇಳಿಯುತ್ತಿರಲಿಲ್ಲ. ಹದಿನಾಲ್ಕನೆಯದನ್ನು ಬಿಚ್ಚಿದ್ದೆನೋ ಇಲ್ಲವೋ ಎಂದು ಸೋಮವಾರದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಪ್ರತಿ ಸಲವೂ ನನಗೆ ಅನುಕೂಲವಾದ ಉತ್ತರವೇ ಬರುತ್ತಿತ್ತು.

"ನೀನು ಬಿಚ್ಚೋದು ನನಗೆ ಮೊದಲನೇ ವಾರದಿಂದ ಗೊತ್ತು," ಎಂದರು ಅಕ್ಕ. ಈಗ ಬಹುವಚನ ಹೋಗಿತ್ತು. "ಬಟ್ಟೆಯ ಕೊನೇ ತುದೀನ ನಾನು ಹೊರಗೆ ಬಿಡ್ತೀನಿ, ನೀನು ಒಳಗೆ ತುರುಕ್ತೀಯ. ನಾನು ಕಲಿಸಿದ್ದನ್ನೂ ನೆಟ್ಟಗೆ ಕಲೀಲಿಲ್ಲ ನೀನು."

"ಹಾಗಿದ್ರೆ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳ್ಲಿ? ನಂಬಿಕೆ ಇಲ್ದೆ ಬೆನ್ನ ಹಿಂದೆ ಬಿಚ್ಚಿ ನೋಡೋಳಿಗಾ? ಬಿಚ್ಚು, ಎಣಿಸು, ನಿನಗೇ ಕೈಸೋಲಲಿ ಅಂತ ಬಿಟ್ಟೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರೆ ಅಂತ ಗೊತ್ತಿರಲಿಲ್ಲ."

"ಬಿಚ್ಚಿದ್ರೂ ನಾನು ಸರಿಯಾಗೇ ಎಣಿಸ್ತೀನಿ ಅಕ್ಕ. ಕಡಿಮೆ ಆಗೋಕೆ..."

"ಅದೇ ದಿನ ಹದಿನೈದನೇ ಟ್ರೇ ವಾಪಸ್ ಬಂದಾಗ ಅದರಲ್ಲಿ ಒಂದು ಕ್ಲ್ಯಾಂಪು ಹೆಚ್ಚಿತ್ತು. ತೊಳೆಯೋರು ನನ್ನ ಕೈಗೇ ತಂದುಕೊಟ್ರು. ಕಡಿಮೆಯಾದ್ರೆ ದೂರು ಬರುತ್ತೆ, ಹೆಚ್ಚಾದ್ರೆ ಯಾರು ಕೇಳ್ತಾರೆ? ನಾನು ಮೇಜಿನ ಮೇಲೆ ಒಂದು ಟ್ರೇ ಇದ್ದಾಗ ಇನ್ನೊಂದನ್ನ ಮುಟ್ಟಲ್ಲ. ಟೇಪು ಹಚ್ಚೋವರೆಗೂ ನೀರೂ ಕುಡಿಯಲ್ಲ. ಎರಡು ಟ್ರೇನ ಒಟ್ಟಿಗೆ ಹರವಿಕೊಂಡು ಕೂರೋರು ಈ ವಿಭಾಗದಲ್ಲಿ ಯಾರು?"

ಊಟದ ಹೊತ್ತು ಅರ್ಧ ಗಂಟೆ. ಎರಡನ್ನು ಒಟ್ಟಿಗೆ ಬಿಚ್ಚಿದರೆ ಸಮಯ ಉಳಿಯುತ್ತಿತ್ತು.

ಅಳು ಬರುವ ಹಾಗಿತ್ತು, ಆದರೆ ಅತ್ತರೆ ಅಕ್ಕ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಅದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇಲ್ಲ ಎಂದು ತುಟಿ ಕಚ್ಚಿದೆ. ಅವರು ಸಮಾಧಾನ ಮಾಡುವ ಲಕ್ಷಣವೇನೂ ಕಾಣಲಿಲ್ಲ, ಅದು ಬೇರೆ ಮಾತು.

"ಫಾರಂ ಕೊಡು," ಎಂದರು.

ಕೆಳಗೆ ನಾಲ್ಕನೆಯ ಚೌಕವೊಂದಿತ್ತು: 'ಮೇಲಿನವರಿಗೆ ನಿಮ್ಮ ಮಾತು.' ಹಳೆಯ ಫಾರಂನಲ್ಲೂ ಅದಿತ್ತು, ಎಲ್ಲರೂ ಅಲ್ಲಿ 'ಏನೂ ಇಲ್ಲ' ಎಂದು ಬರೆಯುತ್ತಿದ್ದರು. ಅಕ್ಕ ಮೊದಲ ಬಾರಿ ಕುರ್ಚಿಯಲ್ಲಿ ಕೂತು, ನಿಧಾನವಾಗಿ ಬರೆದು, ಸಹಿ ಹಾಕಿ, ಕಾಗದವನ್ನು ನನ್ನ ಕಡೆ ತಳ್ಳಿದರು.

'ನನ್ನ ಟ್ರೇ ನೋಡಬೇಕಿದ್ದರೆ ನನ್ನ ಎದುರಿಗೆ ನೋಡು. ನನ್ನ ನಂಬರು ನೀನು ಬರೆಯಬೇಡ.'

"ನಿನ್ನ ಕಾಗದ. ಹರೀತೀಯೋ, ಕೊಡ್ತೀಯೋ, ನಿನಗೆ ಬಿಟ್ಟಿದ್ದು," ಎಂದು ಎದ್ದು ಹೋದರು. ಬಾಗಿಲನ್ನು ಬೇಕೆಂದೇ ತೆರೆದಿಟ್ಟರು. ಹೊರಗೆ ತೊಳೆಯುವವರು ನಲ್ಲಿ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು.

ಹರಿಯಬಹುದಿತ್ತು. ಹೊಸ ಫಾರಂಗಳ ಕಟ್ಟು ನನ್ನ ಡ್ರಾಯರಿನಲ್ಲೇ ಇತ್ತು. ಡ್ರಾಯರನ್ನು ಎರಡು ಸಲ ಎಳೆದು ಎರಡು ಸಲ ಮುಚ್ಚಿದೆ. ಕೊನೆಗೆ ಆ ಫಾರಂ, ದೂರಿನ ಕಾಗದ, ಅಡ್ಡಗೆರೆಯ ಏಳಿದ್ದ ಚೀಟಿ, ಮೂರನ್ನೂ ಹಿಡಿದು ಮೇಟ್ರನ್ ಕೋಣೆಗೆ ಹೋದೆ. ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತುಹೋಗಿ, "ಅದು ನಾನು, ಟ್ರೇ ಬಿಚ್ಚಿದ್ದು ನಾನು," ಎಂದುಬಿಟ್ಟೆ.

ಮೇಟ್ರನ್ ಎಲ್ಲವನ್ನೂ ಕೇಳಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಬರವಣಿಗೇಲಿ ತಂದ್ರೆ ನಿಮ್ಮ ಆರು ತಿಂಗಳ ಪ್ರೊಬೇಷನ್ ಏನಾಗುತ್ತೆ ಗೊತ್ತಲ್ವಾ? ನಾಲ್ಕನೇ ಚೌಕ ಖಾಲಿ ಬಿಟ್ಟು ಇನ್ನೊಂದು ಬರ್ಕೊಂಡು ಬನ್ನಿ. ನಾನು ನೋಡಿಲ್ಲ ಅಂದ್ಕೊಳ್ತೀನಿ."

"ಅವರು ಸಹಿ ಹಾಕಿರೋದು ಇದಕ್ಕೆ ಮೇಡಂ."

"ನಿಮಗೆ ಒಳ್ಳೇದು ಹೇಳಿದ್ರೆ ಅರ್ಥ ಆಗಲ್ಲ, ಅಲ್ವಾ?"

"ಇಲ್ಲ ಮೇಡಂ," ಎಂದೆ. ಧ್ವನಿ ಇಲಿಮರಿಯದ್ದರ ಹಾಗೆ ಬಂತು. ಆದರೂ ಕಾಗದಗಳನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ.

ಗುರುವಾರ ಎರಡು ಆದೇಶಗಳು ಬಂದವು. ಅಕ್ಕ ಎಣಿಕೆಯ ಮೇಜಿನಲ್ಲೇ ಉಳಿಯಬಹುದು. ನನ್ನ ಪ್ರೊಬೇಷನ್ ಇನ್ನೂ ಆರು ತಿಂಗಳು, ಲಿಖಿತ ಎಚ್ಚರಿಕೆಯ ಸಮೇತ. ನಾನು ಎರಡನ್ನೂ ಸೂಚನಾ ಫಲಕಕ್ಕೆ ಹಚ್ಚಿದೆ. ಎರಡನೆಯದನ್ನು ಹಚ್ಚಲೇಬೇಕೆಂದೇನೂ ಇರಲಿಲ್ಲ. ಅಕ್ಕ ಅದನ್ನು ಪೂರ್ತಿ ಓದಿ ಕೈಗವಸು ಹಾಕಿಕೊಳ್ಳಲು ಹೋದರು.

ಶುಕ್ರವಾರ ಊಟದ ಹೊತ್ತಿಗೆ ಎಲ್ಲರೂ ಮೇಲೆ ಹೋದರು. ಕಟ್ಟಿದ ಟ್ರೇಗಳು ಸಾಲಾಗಿ ನಿಂತಿದ್ದವು. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವುಗಳ ಮುಂದೆ ನಿಂತಿದ್ದೆ. ತುತ್ತು ಇಳಿಯುವುದಿಲ್ಲವೆಂದು ಡಬ್ಬಿ ತೆರೆದಿರಲೂ ಇಲ್ಲ.

ಅಕ್ಕ ಊಟಕ್ಕೆ ಹೋಗಿರಲಿಲ್ಲ. ಮೇಜಿನ ಮೇಲೆ ಒಂದೇ ಒಂದು ಟ್ರೇ ಇತ್ತು, ಬಟ್ಟೆ ಇನ್ನೂ ಮುಚ್ಚಿರಲಿಲ್ಲ.

"ಬಾ ಇಲ್ಲಿ. ಎಣಿಸು."

ನಾನು ಪಟ್ಟಿ ಹಿಡಿದು ಒಂದೊಂದಾಗಿ ಎಣಿಸಿದೆ. ನಲವತ್ತೆರಡು. ಅವರು ನನ್ನ ಬೆರಳನ್ನೇ ನೋಡುತ್ತಿದ್ದರು.

"ಚೆನ್ನಾಗಿ ಎಣಿಸ್ತೀರಿ ಮೇಡಮ್ಮನೋರೇ," ಎಂದರು. "ಆದ್ರೆ ಟ್ರೇ ಮೇಲೆ ಬಗ್ಗಿ ಉಸಿರು ಬಿಡ್ತಿದೀರಿ. ಮಾಸ್ಕು ಮೂಗಿನ ಮೇಲೆ ಎಳ್ಕೊಳ್ಳಿ."

ಎಳೆದುಕೊಂಡೆ. ಮೂರನೆಯ ಮಾತಿಗಾಗಿ ಕಾದೆ.

ಅಕ್ಕ ಬಟ್ಟೆ ಮಡಿಚಿ, ಕೊನೆಯ ತುದಿಯನ್ನು ಹೊರಗೆ ಬಿಟ್ಟು, ಟೇಪು ಹಚ್ಚಿ, ಏಳು ಬರೆದು ಅಡ್ಡಗೆರೆ ಎಳೆದರು. ಆಮೇಲೆ ಮುಂದಿನ ಟ್ರೇಯನ್ನು ಮೇಜಿನ ಮೇಲೆ ಎಳೆದುಕೊಂಡರು.