ಗೆರೆ ದಾಟಿದ ಚಕ್ರ

ರೊಸ್ವಿಟಾ ಮೋಟಾರಿನ ಬ್ರೇಕನ್ನು ಬೇಕೆಂದೇ ಸಡಿಲಿಸಿದಳು. ಹಗ್ಗಕ್ಕೆ ತೂಗುಬಿದ್ದು ಗುಡ್ಡ ಹತ್ತುವ ಲಿಫ್ಟಿನ ಕುರ್ಚಿಗಳಲ್ಲಿ ಜನರ ಬದಲು ನೀರಿನ ಡ್ರಮ್ಮುಗಳಿದ್ದವು. ಆ ಭಾರಕ್ಕೆ ಉಕ್ಕಿನ ಹಗ್ಗ ಕೆಳಕ್ಕೆ ಜಗ್ಗಿತು. ದೊಡ್ಡ ಚಕ್ರ ಹಿಂದಕ್ಕೆ ತಿರುಗತೊಡಗಿತು. ಎರಡನೆಯ ಬ್ರೇಕ್ ಚಕ್ರದ ಅಂಚನ್ನೇ ಕಚ್ಚಿತು, ಕಿರುಗುಟ್ಟಿತು, ಜಾರಿತು. ಇಲ್ಲಿಗೆ ನಿಲ್ಲಬೇಕೆಂದು ಎಳೆದಿದ್ದ ಸೀಮೆಸುಣ್ಣದ ಗೆರೆ ದಾಟಿದ ಚಕ್ರವನ್ನು ಕೊನೆಗೆ ಹಿಡಿದದ್ದು ಹಲ್ಲುಗಳ ನಡುವೆ ಬಿದ್ದ ಅಗುಳಿ. ಸಾಲಿನುದ್ದಕ್ಕೂ ಡ್ರಮ್ಮುಗಳು ತೂಗಾಡಿದವು.

“ಹಿಡೀತಲ್ಲ!” ಎಂದ ಅಪ್ಪ ಇಗ್ನಾಟ್ಸ್. ಮೂವತ್ತು ಚಳಿಗಾಲ ಈ ಲಿಫ್ಟ್ ಓಡಿಸಿದವನು. ಈ ವರ್ಷದಿಂದ ಹೊಣೆ ಮಗಳದು.

“ಹಿಡಿದದ್ದು ಮೂರನೇದು. ಎರಡನೇದು ಜಾರ್ತು.”

“ಒಂದು ಕೈಕೊಟ್ರೆ ಇರ್ಲಿ ಅಂತಾನೇ ಅಲ್ವೇನೆ ಮೂರು ಇಟ್ಟಿರೋದು?”

“ಗೇರ್‌ಬಾಕ್ಸ್ ಮುರೀತು ಅಂದ್ಕೋ. ಆಗ ಮೋಟಾರಿನ ಬ್ರೇಕ್ ಇದ್ದೂ ಇಲ್ದಂಗೆ. ಜನ ಆ ಅಗುಳಿ ಒಂದನ್ನೇ ನಂಬ್ಕೊಂಡು ಕೂರಬೇಕಾ?”

ಬಿರುಗಾಳಿಯಿಂದ ತಡವಾದ ಬ್ರೇಕ್ ಪರೀಕ್ಷೆ ಹಿಮಜಾರಾಟದ ಹಂಗಾಮಿನ ಮೊದಲ ದಿನದ ಬೆಳಿಗ್ಗೆಗೇ ಬಂದು ನಿಂತಿತ್ತು. ಊರಿನ ಬ್ಯಾಂಡಿನವರು ತುತ್ತೂರಿ ಹಿಡಿದು ಹೊರಗೆ ಕಾಯುತ್ತಿದ್ದರು. ಗುಡ್ಡದ ಮೇಲಿನ ಹೋಟೆಲಿನಿಂದ ಅಮ್ಮ ನೋಟ್‌ಬುರ್ಗಾ ಫೋನ್ ಮಾಡಿದಳು.

“ಕಡುಬು ಬೆಂದಾಯ್ತು. ಜನಾನ ಕಳಿಸ್ತೀಯೋ, ಇಲ್ಲಾ ಚಳಿಗಾಲ ಪೂರ್ತಿ ನಾನೇ ತಿಂತಾ ಕೂರ್ಲೋ?”

“ಬ್ರೇಕ್ ಜಾರ್ತಿದೆ, ಅಮ್ಮ. ಇವತ್ತು ತೆರೆಯಲ್ಲ.”

“ನಿಮ್ಮಪ್ಪ ಏನಂತಾನೆ?”

ಇಗ್ನಾಟ್ಸ್ ಚಕ್ರದ ಅಂಚಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದ. ಅವನ ಮುಖ ಕೆಂಪಾಯಿತು. “ಗ್ರೀಸು ಸೋರಿದೆ. ನಾನೇ ನಿನ್ನೆ ಬೇರಿಂಗಿಗೆ ಎರಡು ಪಾಲು ತುಂಬಿದೆ. ನಿನ್ನ ಮೊದಲ ದಿನ ಅದು ಕಿರ್ ಅನ್ಬಾರ್ದು ಅಂತ…”

“ಮುದ್ದು ಜಾಸ್ತಿ ಆಯ್ತು ಅಪ್ಪ, ಯಾವಾಗ್ಲೂ ಹಂಗೇ,” ಎಂದಳು ರೊಸ್ವಿಟಾ. ಅವನು ಅವಳ ಕೈಯಿಂದ ಫೋನ್ ತೆಗೆದುಕೊಂಡ.

“ನಮ್ಮ ಹೊಸ ಯಜಮಾನಿ ಇವತ್ತು ತೆರೆಯಲ್ಲ ಅಂದಿದಾಳೆ ಕಣೇ. ಸರಿಯಾಗೇ ಹೇಳಿದಾಳೆ.”

ಜಿಡ್ಡು ಕುಡಿದ ಬ್ರೇಕ್ ಪಟ್ಟಿಯನ್ನು ಒರೆಸಿದರೆ ಸಾಲದು. ಹೊಸದು ಹಾಕಿ, ಮತ್ತೆ ಭಾರಸಹಿತ ಪರೀಕ್ಷಿಸಬೇಕು. ಚಕ್ರಕ್ಕೆ ಬೀಗ ಜಡಿದು ಇಬ್ಬರೂ ಅದರ ಅಡಿಗೆ ತೂರಿಕೊಂಡರು.

ಮಧ್ಯಾಹ್ನ ನೋಟ್‌ಬುರ್ಗಾ ಹಿಮಬಂಡಿಯ ಮೇಲೆ ಕಡುಬಿನ ಹಂಡೆ ಕಟ್ಟಿಕೊಂಡು ಕೆಳಗಿಳಿದಳು. ಗೊಣಗುತ್ತಿದ್ದ ಬ್ಯಾಂಡಿನವರು ತುತ್ತೂರಿಗಳನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಲ್ಲೇ ತಿಂದರು. ಅವಳು ಒಂದು ತಟ್ಟೆ ಹಿಡಿದು ಚಕ್ರದ ಬಳಿ ಬಗ್ಗಿದಳು. ಇಗ್ನಾಟ್ಸನ ಕೈಗಳು ಮೊಣಕೈವರೆಗೂ ಕಪ್ಪಾಗಿದ್ದವು.

“ಬಾಯಿ ತೆಗಿ, ಮುದುಕಾ.”

ಮಗಳು ಬಿಗಿಯುತ್ತಿದ್ದ ಬೋಲ್ಟಿನಿಂದ ಕಣ್ಣು ಕೀಳದೆ ಅವನು ಬಾಯಿ ತೆರೆದ.