ತೆನೆ ಕಟ್ಟುವ ಮೊದಲೇ

ಬಾವಿ ತಳ ಕಂಡಿತ್ತು. ಪಂಪು ಹಾಕಿದರೆ ಸ್ವಲ್ಪ ಹೊತ್ತು ನೀರು, ಆಮೇಲೆ ಬರೀ ಗೊರಗೊರ ಸದ್ದು. ಅಷ್ಟು ನೀರನ್ನೇ ಅವಳ ಗಂಡ ಟೊಮೆಟೊಗೆ, ಮುಸುಕಿನ ಜೋಳಕ್ಕೆ, ಹಸುಗಳಿಗೆ ಅಂತ ಹಂಚುತ್ತಿದ್ದ. ಯಾರಿಗೂ ಬೇಜಾರಾಗಬಾರದು ಅನ್ನುವವನಂತೆ ಮೂರಕ್ಕೂ ಚೂರುಚೂರು ಕೊಟ್ಟು, ಮೂರನ್ನೂ ಸೊರಗಿಸುತ್ತಿದ್ದ.

"ಜೋಳದ ಆಸೆ ಬಿಡ್ರೀ," ಎಂದಳು ಅವಳು. "ಹಸಿರು ಇರುವಾಗಲೇ ಕೊಯ್ದು ಹಸುಗಳಿಗೆ ಹಾಕೋಣ. ಆ ನೀರು ಟೊಮೆಟೊಗಾದ್ರೂ ಆಗುತ್ತೆ."

"ತೆನೆ ಕಟ್ಟೋ ಹೊತ್ತಲ್ಲಿ ಯಾರಾದ್ರೂ ಕೊಯ್ತಾರಾ? ನಾಳೆ ಮಳೆ ಬರುತ್ತೆ, ನೋಡ್ತಿರು."

ಆ ನಾಳೆ ಕೇಳಿಕೇಳಿ ಅವಳ ಕಿವಿ ತೂತಾಗಿತ್ತು. ಅತ್ತೆಯ ಕಡೆ ನೋಡಿದರೆ, "ಅವನಿಗೆ ಗೊತ್ತಿರಲ್ವೇನಮ್ಮ?" ಎಂದು ಅವರು ಒಳಗೆ ಹೋದರು. ಅಮ್ಮ ಮಗ ಇಬ್ಬರೂ ಒಂದೇ ಎಂದು ಅವಳು ಹಲ್ಲು ಕಡಿದಳು.

ಮರುದಿನ ಗಬ್ಬದ ಹಸು ಹಸಿ ಮೇವಿಲ್ಲದೆ ಸೊರಗಿ ಎದ್ದು ನಿಲ್ಲಲು ತಡವರಿಸಿತು. ಅವಳು ಮನೆಯಲ್ಲಿ ಯಾರನ್ನೂ ಕೇಳಲು ಹೋಗಲಿಲ್ಲ. ಹಸಿ ಜೋಳ ಕೊಯ್ದು ಹಾಕಬಹುದಾ ಎಂದು ದನದ ಡಾಕ್ಟರಿಗೆ ಫೋನ್ ಮಾಡಿದಳು. "ಬುಡ ಒಂದು ಗೇಣು ಬಿಟ್ಟು ಕೊಯ್ಯಿ, ಬರಗಾಲದಲ್ಲಿ ವಿಷ ಅಲ್ಲೇ ಸೇರೋದು. ಒಣಹುಲ್ಲಿನ ಜೊತೆ ಬೆರೆಸಿ ಸ್ವಲ್ಪಸ್ವಲ್ಪ ಹಾಕು," ಎಂದರು ಅವರು. ಕುಡುಗೋಲು ಹಿಡಿದು ಹೊಲಕ್ಕಿಳಿದಳು.

ಗಂಡ ಓಡಿ ಬಂದ. "ತಲೆ ಕೆಟ್ಟಿದೆಯಾ ನಿನಗೆ?"

"ಹೌದು, ಕೆಟ್ಟು ಎಷ್ಟೋ ದಿನ ಆಯ್ತು!"

ಅವನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಸರಸರ ಸದ್ದು. ಅತ್ತೆ! ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಯ್ಯುತ್ತಿದ್ದರು. "ನಿಂತು ನೋಡ್ತೀಯಲ್ಲೋ, ಹೊರೆ ಕಟ್ಟು," ಎಂದರು ತಲೆಯೆತ್ತದೆ. ಅವನು ಗೊಣಗುತ್ತಲೇ ಹಗ್ಗ ತಂದ.

ಕೊಯ್ಲು ಮುಗಿದ ಮೇಲೆ ಒಂದು ಸಂಜೆ ಮಳೆ ಸುರಿಯಿತು. ಅವನು ಅಂಗಳದಲ್ಲಿ ತೊಪ್ಪೆಯಾಗಿ ನೆನೆದು ನಿಂತು, "ನಾನು ಹೇಳಿರ್ಲಿಲ್ವಾ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ. ಅವಳಿಗೆ ಆ ಮಳೆಯ ಮೇಲೂ ಸಿಟ್ಟು ಬಂತು.

ಆದರೂ ಹಸು ಕರು ಹಾಕಿತ್ತು, ಟೊಮೆಟೊ ಗಿಡಗಳು ಕಾಯಿ ಹಿಡಿದಿದ್ದವು. ಊಟಕ್ಕೆ ಕೂತಾಗ ಅವನು ಮೆಲ್ಲಗೆ ಕೇಳಿದ, "ಆ ಹೊಲಕ್ಕೆ ಈಗ ಏನು ಹಾಕೋಣ ಅಂತೀಯ?"

ಮದುವೆಯಾದ ಮೇಲೆ ಅವನು ಹೀಗೆ ಕೇಳಿದ್ದು ಇದೇ ಮೊದಲು. ಅವಳ ಮನಸ್ಸು ಕರಗಿತು. "ಹುರುಳಿ ಹಾಕೋಣ. ಹೆಚ್ಚು ನೀರು ಕೇಳಲ್ಲ."

ಅವನು ಗಂಭೀರವಾಗಿ ಯೋಚಿಸಿದ. "ಮುಸುಕಿನ ಜೋಳಾನೇ ಹಾಕಿದ್ರೆ?"

ಅವಳು ಸಾರಿನ ಪಾತ್ರೆಯನ್ನು ದಡಾರನೆ ಕುಕ್ಕಿ ಎದ್ದುಹೋದಳು.