ಮಲಗಿದ್ರೆ ಫೈನ್

ಮೇಸ್ತ್ರಿಗೆ ವಿಮಾನದ ಪ್ರೊಪೆಲ್ಲರ್ ಅಂದರೆ ಅಂಗೈಯ ನೆಲ್ಲಿಕಾಯಿ. ಮೂವತ್ತೊಂದು ವರ್ಷ ಅದನ್ನು ಮೇಜಿನ ಮೇಲೆ ಮಲಗಿಸಿ, ಉಜ್ಜಿ, ಕೋನ ಅಳೆದು ಕಳಿಸಿದವರು. ವಿಮಾನಕ್ಕೆ ಜೋಡಿಸುವುದು ಬೇರೆಯವರ ಕೆಲಸ. ಆ ಕಡೆ ಇವರು ತಲೆ ಹಾಕಿಯೂ ಮಲಗಿದವರಲ್ಲ.

ಮಗಳು ಪೈಲಟ್ ಆಗಲು ಹೊರಟವಳು. ವಿಮಾನವನ್ನೇನೋ ಚೆನ್ನಾಗಿಯೇ ಹಾರಿಸುತ್ತಿದ್ದಳು. ಪ್ರಶ್ನೆಪತ್ರಿಕೆ ಎದುರಾದರೆ ಮಾತ್ರ ಕೈಕಾಲು ತಣ್ಣಗೆ. ಐದು ವಿಷಯ ಹೇಗೋ ದಾಟಿದಳು, ಆರನೆಯದರಲ್ಲಿ ಮೂರು ಸಲ ಡುಮ್ಕಿ. ನಾಲ್ಕನೆಯದೇ ಕೊನೆ. ಇದೂ ಹೋಯಿತೋ, ಪಾಸಾದ ಐದೂ ರದ್ದು, ಮತ್ತೆ ಅ ಆ ಇ ಈಯಿಂದ ಶುರು. "ಇನ್ನೊಂದು ಸಲ ನನ್ನ ಕೈಲಾಗಲ್ಲಪ್ಪ" ಎಂದು ಅವಳು ಮೊದಲೇ ಹೇಳಿದ್ದಳು.

"ಬ್ಲೇಡು ಯಾಕೆ ತಿರುಚಿಕೊಂಡಿರುತ್ತೆ ಅನ್ನೋದೇ ತಲೆಗೆ ಹತ್ತಲ್ಲ" ಎಂದಾಗ ಮೇಸ್ತ್ರಿ ಎದೆಯುಬ್ಬಿಸಿ ವರ್ಕ್‌ಶಾಪಿಗೆ ಕರೆದೊಯ್ದು, ಮೇಜಿನ ಮೇಲೆ ಮಲಗಿದ್ದ ಪ್ರೊಪೆಲ್ಲರಿನ ಮುಂದೆ ನಿಲ್ಲಿಸಿದರು. ಅಬ್ಬಾ, ಅವರ ಸಂಭ್ರಮ ಏನು ಕೇಳುತ್ತೀರಿ!

"ನೋಡು ಪುಟ್ಟಿ, ಬುಡ ನಿಧಾನಕ್ಕೆ ಸುತ್ತುತ್ತೆ, ತುದಿ ಓಡಿ ಓಡಿ ಸಾಯುತ್ತೆ. ಅದಕ್ಕೇ ಬುಡದಲ್ಲಿ ಕೋನ ಜಾಸ್ತಿ, ತುದೀಲಿ ಕಮ್ಮಿ. ಆಗ ಉದ್ದಕ್ಕೂ ಗಾಳೀನ ಒಂದೇ ಹದದಲ್ಲಿ ಕಚ್ಚುತ್ತೆ. ಇನ್ನು ಪಿಚ್, ಅಂದ್ರೆ ಇದೇ ಕೋನಕ್ಕಿಟ್ಟ ಹೆಸರು. ಕೋನ ಕಮ್ಮಿಯಾದ್ರೆ ಫೈನ್, ಜಾಸ್ತಿಯಾದ್ರೆ ಕೋರ್ಸ್. ಅಂದ್ರೆ ಬ್ಲೇಡು ಮಲಗಿದ್ರೆ ಫೈನ್, ಎದ್ದು ನಿಂತ್ರೆ ಕೋರ್ಸ್. ಮುಗೀತು ಪುರಾಣ!"

"ಮಲಗಿದ್ರೆ ಫೈನ್, ನಿಂತ್ರೆ ಕೋರ್ಸ್" ಎಂದು ಮಗಳು ಅಡುಗೆಮನೆಯಲ್ಲೂ ಬಚ್ಚಲಲ್ಲೂ ಜಪ ಮಾಡಿದಳು.

ಪರೀಕ್ಷೆಯ ದಿನ ಮೇಸ್ತ್ರಿ ರಜೆ ಹಾಕಿ ಹೊರಗಿನ ಬೆಂಚಿನ ಮೇಲೆ ಕಾದರು. ಮಗಳು ಮುಖ ಅರಳಿಸಿಕೊಂಡು ಬಂದಳು.

"ಅಪ್ಪಾ, ನಿನ್ನ ಪಾಠದ್ದೇ ಮೂರು ಪ್ರಶ್ನೆ! ಚಿತ್ರ ಕೊಟ್ಟಿದ್ರು" ಎಂದವಳೇ ಹಾಲ್ ಟಿಕೆಟ್ಟಿನ ಹಿಂದೆ ಗೀಚಿ ತೋರಿಸಿದಳು. ಪಕ್ಕದಿಂದ ಕಂಡ ವಿಮಾನ. ಅದರ ಮೂಗಿನ ಹತ್ತಿರ, ತುದಿಯಿಂದ ನೋಡಿದ ಬ್ಲೇಡಿಗೆಂದು ಒಂದು ಗೆರೆ, ಹೆಚ್ಚುಕಮ್ಮಿ ನೆಲಕ್ಕೆ ಸಮನಾಗಿ ಅಡ್ಡಡ್ಡ. "ಮಲಗಿದೆ, ಫೈನ್ ಅಂತ ಕಣ್ಮುಚ್ಚಿ ಗುರುತು ಹಾಕ್ದೆ. ಮೂರಕ್ಕೂ ಅದೇ ಲೆಕ್ಕ!"

ಮೇಸ್ತ್ರಿ ಆ ಗೆರೆಯನ್ನು ಮತ್ತೊಮ್ಮೆ ನೋಡಿದರು. ಮೇಜಿನ ಮೇಲೆ ಇಡೀ ಪ್ರೊಪೆಲ್ಲರೇ ಮಲಗಿರುತ್ತದೆ. ವಿಮಾನದ ಮೂಗಿಗೆ ಸಿಕ್ಕಿಸಿದರೆ ಅದು ಎದ್ದು ನಿಲ್ಲುತ್ತದೆ. ಆಗ ಎಲ್ಲ ಉಲ್ಟಾ. ಅಲ್ಲಿ ಅಡ್ಡ ಮಲಗಿದ್ದೇ ಕೋರ್ಸ್, ನೆಟ್ಟಗೆ ನಿಂತಿದ್ದು ಫೈನ್. ಇಷ್ಟೇ ಇಷ್ಟು ಮಾತನ್ನು ಹೇಳದೆ ಬಿಟ್ಟಿದ್ದರಲ್ಲ! ಮರೆತದ್ದೂ ಅಲ್ಲ, ಮೂವತ್ತೊಂದು ವರ್ಷದಲ್ಲಿ ಹೊಳೆದೇ ಇರಲಿಲ್ಲ. ಒಳಗೆ ನುಗ್ಗಿ, ತಪ್ಪು ನಂದು, ಅವಳದ್ದಲ್ಲ ಅಂತ ಯಾರ ಕಾಲಾದರೂ ಹಿಡಿಯೋಣ ಅನ್ನಿಸಿತು. ಆದರೆ ಯಾರ ಕಾಲು? ಒಳಗಿದ್ದದ್ದು ಸಾಲು ಕಂಪ್ಯೂಟರು.

ಅಷ್ಟರಲ್ಲಿ ಅವಳು ಫೋನಿನಲ್ಲಿ, "ಅಮ್ಮಾ, ಅಪ್ಪ ದೇವ್ರು ಕಣೇ!" ಎನ್ನುತ್ತಿದ್ದಳು. ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಎಂದುಕೊಂಡರು ಮೇಸ್ತ್ರಿ.

ಅರ್ಧ ಗಂಟೆಗೆ ಗೋಡೆಯ ಪರದೆಯ ಮೇಲೆ ಫಲಿತಾಂಶ ಬಂತು. ನಲವತ್ತು ಪ್ರಶ್ನೆಗೆ ಮೂವತ್ತಾದರೂ ಸರಿಯಿರಬೇಕಿತ್ತು. ಬಂದದ್ದು ಇಪ್ಪತ್ತೆಂಟು.

ಅವಳು ಅಳಲಿಲ್ಲ. ಅಪ್ಪನ ಕೈ ಹಿಡಿದು, "ನೀನು ಬೇಜಾರು ಮಾಡ್ಕೋಬೇಡಪ್ಪ" ಎಂದಳು. "ನೀನು ಹೇಳ್ಕೊಟ್ಟ ಆ ಮೂರೂ ಇಲ್ದಿದ್ರೆ ಇಪ್ಪತ್ತೈದಕ್ಕೇ ನಿಂತಿರ್ತಿದ್ದೆ."

ಮೇಸ್ತ್ರಿ "ಹೂಂ" ಎಂದರು.